ಅಚ್ಚಾದ ಮೇಲೆ ಬಂದ ಪತ್ರಗಳು

ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆಲ್ಲ ಗೊತ್ತಿರುವ, ಆದರೆ ಯಾರೂ ಬರೆದಿಡದ ಒಂದು ನಿಯಮವಿದೆ: ಅಚ್ಚಾದದ್ದು ಮುಗಿದದ್ದು. ನಿನ್ನೆಯ ಪುಟದ ಮಾತು ಇವತ್ತು ಎದ್ದಿತೆಂದರೆ ಒಂದೋ ತಿದ್ದುಪಡಿ ಹಾಕಬೇಕು, ಇಲ್ಲವೇ ವಕೀಲರ ನೋಟಿಸು ಬಂದಿರಬೇಕು. ಓದುಗರ ಪತ್ರಗಳು ಬರುತ್ತವೆ, ನಿಜ. ಚೆನ್ನಾಗಿರುವ ಎರಡು ಮೂರನ್ನು ಆರಿಸಿ, ಅರ್ಧಕ್ಕೆ ಕತ್ತರಿಸಿ, ಪತ್ರಗಳ ಅಂಕಣಕ್ಕೆ ಕಳಿಸಿದರೆ ಋಣ ತೀರಿತು. ಆಮೇಲೂ ಬರುವ ಪತ್ರಗಳಿರುತ್ತವೆ. ಆರು ತಿಂಗಳ ಮೇಲೆ, ಎರಡು ವರ್ಷದ ಮೇಲೆ ಬರುವಂಥವು. ಅವು ಯಾರ ಮೇಜಿನ ಮೇಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಸ್ಟೀವ್ ಸಿಲ್ಬರ್‌ಮನ್ ಎಂಬ ಅಮೆರಿಕದ ಪತ್ರಕರ್ತರ ಬಗ್ಗೆ ಬರೆಯಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದ್ದುದು ಈ ಕಾರಣಕ್ಕೆ. ಅವರು ಹಾಗೆ ತಡವಾಗಿ ಬಂದ ಪತ್ರಗಳನ್ನು ಓದಿದರು. ಓದುತ್ತಲೇ ಹೋದರು. 2001ರ ಡಿಸೆಂಬರಿನಲ್ಲಿ 'ವೈರ್ಡ್' ಮಾಸಿಕದಲ್ಲಿ ಆಟಿಸಂ ಕುರಿತು, ಅಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿಯನ್ನು ಕುರಿತು, ಅವರದೊಂದು ಲೇಖನ ಬಂತು. ಅದಕ್ಕೆ ಬರುತ್ತಿದ್ದ ಈಮೇಲ್‌ಗಳು ಹೆಚ್ಚುಕಡಿಮೆ ಹತ್ತು ವರ್ಷ ನಿಲ್ಲಲಿಲ್ಲ. ಆ ಈಮೇಲ್‌ಗಳಿಗೆ ಉತ್ತರ ಎನ್ನುವಂತೆ 2015ರ ಆಗಸ್ಟಿನಲ್ಲಿ 'ನ್ಯೂರೋಟ್ರೈಬ್ಸ್' ಎಂಬ ದಪ್ಪ ಪುಸ್ತಕ ಹೊರಬಂತು. 2024ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. ಅವರಿಗೆ ಆಟಿಸಂ ಇರಲಿಲ್ಲ. ಅವರು ವೈದ್ಯರಲ್ಲ, ಆಟಿಸಂ ಇರುವ ಮಗುವಿನ ತಂದೆಯೂ ಅಲ್ಲ. ಬರಿಯ ವರದಿಗಾರ. ಆದರೂ ಇಂದು ನರವೈವಿಧ್ಯ, ಅಂದರೆ ನ್ಯೂರೋಡೈವರ್ಸಿಟಿ, ಮಿದುಳುಗಳು ಬಗೆಬಗೆಯಾಗಿರುವುದು ಸಹಜ ಎಂಬ ಮಾತು ಕಚೇರಿಯ ಸಭೆಗಳಲ್ಲೂ ಶಾಲೆಯ ಪೋಷಕರ ಸಭೆಗಳಲ್ಲೂ ಕಿವಿಗೆ ಬೀಳುತ್ತಿದ್ದರೆ ಅದರಲ್ಲಿ ಈ ಒಬ್ಬ ಮನುಷ್ಯನ ಪಾಲು ದೊಡ್ಡದು.

ವಿಜ್ಞಾನ ವರದಿಗಾರನಾಗಲು ಹೊರಟವರು ಮಾಡಿಕೊಳ್ಳುವ ತಯಾರಿ ಅವರದಾಗಿರಲಿಲ್ಲ. ಹುಟ್ಟಿದ್ದು 1957ರಲ್ಲಿ, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ. ಓದಿದ್ದು ಮನಃಶಾಸ್ತ್ರ, ಇಂಗ್ಲಿಷ್ ಸಾಹಿತ್ಯ. ಕವಿ ಅಲೆನ್ ಗಿನ್ಸ್‌ಬರ್ಗ್ ಅವರ ಶಿಷ್ಯ, ಮುಂದೆ ಕೊಲೊರಾಡೊದ ನರೋಪ ವಿದ್ಯಾಸಂಸ್ಥೆಯಲ್ಲಿ ಅವರಿಗೆ ಪಾಠದಲ್ಲಿ ಸಹಾಯಕ. 1979ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದು ನೆಲೆಸಿದ್ದಕ್ಕೆ ಅವರು ಕೊಡುತ್ತಿದ್ದ ಕಾರಣ ಮೂರು: ಸಲಿಂಗಕಾಮಿಯಾಗಿ ಅಂಜದೆ ಬದುಕಬಹುದು, ಝೆನ್ ಕೇಂದ್ರ ಹತ್ತಿರವಿದೆ, 'ಕ್ರಾಸ್ಬಿ, ಸ್ಟಿಲ್ಸ್ ಆ್ಯಂಡ್ ನ್ಯಾಶ್' ತಂಡದ ಸಂಗೀತದ ಸೆಳೆತ. 'ಗ್ರೇಟ್‌ಫುಲ್ ಡೆಡ್' ಎಂಬ ರಾಕ್ ತಂಡದ ಅಭಿಮಾನಿಗಳು ತಮ್ಮೊಳಗೇ ಆಡಿಕೊಳ್ಳುವ ಪದಗಳಿಗೆ 1994ರಲ್ಲಿ ಇನ್ನೊಬ್ಬ ಲೇಖಕರೊಡನೆ ಸೇರಿ ಒಂದು ನಿಘಂಟನ್ನೇ ತಂದರು. ನನಗೆ ಈ ವಿವರ ಬಹಳ ಇಷ್ಟ. ಯಾವುದೋ ಒಂದು ಕಛೇರಿಯ ಯಾವುದೋ ಒಂದು ಹಾಡು ಎಷ್ಟು ನಿಮಿಷ ನಡೆಯಿತು ಎಂದು ವಾರಗಟ್ಟಲೆ ವಾದ ಮಾಡುವ ಜನರ ನಡುವೆ, ಅವರನ್ನು ನೋಡಿ ನಗದೆ, ಅವರಲ್ಲೊಬ್ಬನಾಗಿ ಟಿಪ್ಪಣಿ ಬರೆದುಕೊಂಡವನಿಗೆ ಒಂದೇ ವಿಷಯದ ಹುಚ್ಚು ಹಿಡಿದವರು ವಿಚಿತ್ರವಾಗಿ ಕಾಣುವುದಿಲ್ಲ. ಮುಂದೆ ಬೇಕಾಗಿದ್ದ ಅರ್ಹತೆ ಅದೇ ಆಗಿತ್ತು.

2000ದಲ್ಲಿ ಅಲಾಸ್ಕಾ ಕಡೆಗೆ ಹೊರಟ ಒಂದು ವಿಹಾರ ನೌಕೆಯಲ್ಲಿ ನೂರಕ್ಕೂ ಹೆಚ್ಚು ಪ್ರೋಗ್ರಾಮರ್‌ಗಳಿದ್ದರು. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ಬಳಸುವವರ ಸಮಾವೇಶ ಅದು. ಬೆಂಗಳೂರಿನಲ್ಲಿ ಆ ಕಾಲಕ್ಕೆ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗಳಿಗೆ ಪರ್ಲ್ ಹೆಸರು ಮರೆತಿರಲಾರದು. ಅದನ್ನು ರೂಪಿಸಿದ ಲ್ಯಾರಿ ವಾಲ್ ಕೂಡ ನೌಕೆಯಲ್ಲಿದ್ದರು. ವರದಿಗೆಂದು ಹೋಗಿದ್ದ ಸಿಲ್ಬರ್‌ಮನ್, ಮನೆಗೆ ಬಂದು ಮಾತಾಡಿಸಬಹುದೇ ಎಂದು ಕೇಳಿದಾಗ ವಾಲ್ ಒಪ್ಪಿದರು. ಜೊತೆಗೆ, ನಮಗೆ ಆಟಿಸಂ ಇರುವ ಮಗಳೊಬ್ಬಳಿದ್ದಾಳೆ, ಮೊದಲೇ ಹೇಳಿರುತ್ತೇನೆ ಎಂದರು. ಕೆಲವು ತಿಂಗಳ ಮೇಲೆ ಸಿಲಿಕಾನ್ ಕಣಿವೆಯ ಇನ್ನೊಂದು ತಂತ್ರಜ್ಞ ಕುಟುಂಬದ ಬಗ್ಗೆ ಬರೆಯಲು ಹೊರಟರೆ ಅಲ್ಲಿಯೂ ಒಂದು ಮಗುವಿಗೆ ಆಟಿಸಂ. ಇದೆಂಥ ಕಾಕತಾಳೀಯ ಎಂದು ಗೆಳೆಯರೊಬ್ಬರ ಹತ್ತಿರ ಹೋಟೆಲಿನಲ್ಲಿ ಹೇಳುತ್ತಿದ್ದಾಗ ಪಕ್ಕದ ಮೇಜಿನ ಹೆಂಗಸೊಬ್ಬರು ಮಾತಿನ ನಡುವೆ ಬಾಯಿ ಹಾಕಿದರು. ತಾನು ವಿಶೇಷ ಶಿಕ್ಷಕಿ, ಈ ಕಣಿವೆಯಲ್ಲಿ ಆಟಿಸಂ ಸಾಂಕ್ರಾಮಿಕದಂತೆ ಹಬ್ಬುತ್ತಿದೆ, ನಿಮಗೆ ಗೊತ್ತಿಲ್ಲವೇ ಎಂದರು.

ಪಕ್ಕದ ಮೇಜಿನವರು ಬಾಯಿ ಹಾಕಿದರೆ ಬೇರೆಯವರಿಗೆ ಸಿಟ್ಟು ಬರಬಹುದು. ವರದಿಗಾರನಿಗೆ ಅದು ಬಯಸದೆ ಬಂದ ಭಾಗ್ಯ.

ಹೀಗೆ ಹುಟ್ಟಿದ ಲೇಖನದ ಹೆಸರು 'ದ ಗೀಕ್ ಸಿಂಡ್ರೋಮ್'. ಲೆಕ್ಕ, ಯಂತ್ರ, ಕೋಡ್‌ಗಳಲ್ಲಿ ಮುಳುಗುವ ಗಂಡು ಹೆಣ್ಣುಗಳು ಒಂದೇ ಊರಿಗೆ ಬಂದು ಸೇರಿ, ಪರಸ್ಪರ ಮದುವೆಯಾಗಿ, ಮಕ್ಕಳಿಗೆ ಆ ಸ್ವಭಾವದ ವಂಶವಾಹಿಗಳು ಎರಡೂ ಕಡೆಯಿಂದ ಹರಿಯುತ್ತಿರಬಹುದೇ ಎಂಬುದು ಅದರ ಪ್ರಶ್ನೆ. ಲೇಖನದ ಜೊತೆಗೆ ಕೇಂಬ್ರಿಡ್ಜಿನ ಮನಃಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ಅವರ ತಂಡ ತಯಾರಿಸಿದ, ಆಟಿಸಂ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿಯನ್ನೂ ಕೊಟ್ಟಿದ್ದರು. ಓದುಗರು ತಮಗೆ ತಾವೇ ಅಂಕ ಹಾಕಿಕೊಳ್ಳಬಹುದಿತ್ತು. ಈಗ ಓದಿದರೆ ಲೇಖನ ಸೊಗಸಾಗಿಯೇ ಇದೆ. ವಾಕ್ಯಗಳು ಒಂದನ್ನೊಂದು ಎಳೆದುಕೊಂಡು ಓಡುತ್ತವೆ. ಆದರೆ ಅದರ ಬೆರಗೆಲ್ಲ ಇರುವುದು 'ಯಾಕೆ ಹೆಚ್ಚುತ್ತಿದೆ' ಎನ್ನುವುದರಲ್ಲಿ. ಸಂಪಾದಕರಿಗೂ ಬೇಕಾದದ್ದು ಅದೇ. 'ಯಾಕೆ ಹೆಚ್ಚುತ್ತಿದೆ' ಎಂಬ ಪ್ರಶ್ನೆಗೆ ಮುಖಪುಟದಲ್ಲಿ ಯಾವತ್ತೂ ಜಾಗವಿರುತ್ತದೆ.

ಬಂದ ಈಮೇಲ್‌ಗಳಲ್ಲಿ ಆ ಪ್ರಶ್ನೆಗೆ ಅಂಥ ಮಹತ್ವವಿರಲಿಲ್ಲ. ಮಗನಿಗೆ ಹದಿನೆಂಟು ತುಂಬುತ್ತಿದೆ, ಶಾಲೆ ಕೊಡುತ್ತಿದ್ದ ನೆರವು ನಿಲ್ಲುತ್ತದೆ, ಮುಂದೇನು? ಮಗಳನ್ನು ಶಾಲೆಯಲ್ಲಿ ಹಿಂಸಿಸುತ್ತಾರೆ, ಯಾರಿಗೆ ಹೇಳಲಿ? ನನಗೆ ನಡುವಯಸ್ಸು, ನಿಮ್ಮ ಲೇಖನ ಓದಿದ ಮೇಲೆ ನನ್ನ ಬದುಕು ನನಗೆ ಅರ್ಥವಾಯಿತು, ಆದರೆ ದೊಡ್ಡವರನ್ನು ಪರೀಕ್ಷಿಸುವ ವೈದ್ಯರೇ ಸಿಗುತ್ತಿಲ್ಲ. ಕೆಲಸ, ಮನೆ, ವಿಮೆ, ಒಂಟಿತನ. ಹೊರಗೆ ಜಗತ್ತು ಲಸಿಕೆಯ ಜಗಳದಲ್ಲಿ ಮುಳುಗಿತ್ತು. ಪತ್ರ ಬರೆದವರು ನಾಳೆಯ ಬಗ್ಗೆ ಕೇಳುತ್ತಿದ್ದರು, ಪತ್ರಿಕೆಗಳು ನಿನ್ನೆಯ ಸೂಜಿಯ ಬಗ್ಗೆ ಬರೆಯುತ್ತಿದ್ದವು.

ಲಸಿಕೆಯ ಕಥೆ ಬಹಳ ಜನರಿಗೆ ಗೊತ್ತಿದೆ, ಬೇಗ ಮುಗಿಸುತ್ತೇನೆ. 1998ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹನ್ನೆರಡು ಮಕ್ಕಳ ಮೇಲಿನ ಒಂದು ಪ್ರಬಂಧ ಪ್ರಕಟಿಸಿದರು. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂಬ ಅನುಮಾನ ಎದ್ದಿತು. ಬ್ರಿಟಿಷ್ ಪತ್ರಕರ್ತ ಬ್ರಿಯಾನ್ ಡೀರ್ 2004ರಿಂದ ಬೆನ್ನು ಬಿಡದೆ ತನಿಖೆ ಮಾಡಿ ಅದರ ಬಣ್ಣ ಬಯಲು ಮಾಡಿದರು. 2010ರಲ್ಲಿ 'ಲ್ಯಾನ್ಸೆಟ್' ಪ್ರಬಂಧವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ಅವರ ಹೆಸರು ವೈದ್ಯರ ಪಟ್ಟಿಯಿಂದ ಹೋಯಿತು. ಡೀರ್ ಮಾಡಿದ್ದು ಪತ್ರಿಕೋದ್ಯಮದ ಪಠ್ಯದಲ್ಲಿ ಇರಬೇಕಾದ ಕೆಲಸ. ಆದರೂ ತಾಯಂದಿರ ಅನುಮಾನ ಹೋಗಲಿಲ್ಲ. ಹಾಗಾದರೆ ಇಷ್ಟು ಮಕ್ಕಳು ಎಲ್ಲಿಂದ ಬಂದರು, ನಮ್ಮ ಕಾಲದಲ್ಲಿ ಇದಿರಲಿಲ್ಲವಲ್ಲ ಎಂಬ ಪ್ರಶ್ನೆ ಹಾಗೇ ಉಳಿಯಿತು. ಸುಳ್ಳನ್ನು ಕಿತ್ತ ಜಾಗದಲ್ಲಿ ಒಂದು ಗುಂಡಿ ಉಳಿಯುತ್ತದೆ. ಸಿಲ್ಬರ್‌ಮನ್ ಕೈಹಾಕಿದ್ದು ಆ ಗುಂಡಿ ತುಂಬುವ ಕೆಲಸಕ್ಕೆ. ಅದಕ್ಕಾಗಿ ಅವರು ಪ್ರಯೋಗಾಲಯಗಳಿಗಿಂತ ಹೆಚ್ಚಾಗಿ ಹಳೆಯ ಕಡತಗಳ ಕಡೆಗೆ ಹೋದರು.

ಕಡತಗಳಲ್ಲಿ ಸಿಕ್ಕಿದ್ದು ಹೀಗಿದೆ. 1943ರಲ್ಲಿ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಆಟಿಸಂ ಎಂಬ ರೋಗನಿರ್ಣಯ ಶುರುವಾಯಿತು. ಕ್ಯಾನರ್ ಅದನ್ನು ಬಹಳ ಇಕ್ಕಟ್ಟಾದ ಚೌಕಟ್ಟಿನಲ್ಲಿಟ್ಟರು. ಅದು ಅಪರೂಪದ್ದು, ಬಾಲ್ಯದ್ದು ಎಂದರು. ತಂದೆತಾಯಿಯರ ತಣ್ಣನೆಯ ಸ್ವಭಾವದ ಮೇಲೂ ಬೆರಳು ಮಾಡಿದರು. ಆ ಮಾತನ್ನು ಮುಂದೆ ಲೇಖಕ ಬ್ರೂನೊ ಬೆಟಲ್‌ಹೈಮ್ ಇನ್ನಷ್ಟು ಕ್ರೂರವಾಗಿ ಬೆಳೆಸಿದರು. ಅತ್ತ ವಿಯೆನ್ನಾದಲ್ಲಿ ಮಕ್ಕಳ ವೈದ್ಯ ಹ್ಯಾನ್ಸ್ ಆ್ಯಸ್ಪರ್ಗರ್ ಅವರ ಚಿಕಿತ್ಸಾಲಯ ಅದೇ ಕಾಲದಲ್ಲಿ ಇನ್ನೂ ಅಗಲವಾದ ಒಂದು ಚಿತ್ರವನ್ನು ಕಂಡಿತ್ತು. ಅವರ 1944ರ ಜರ್ಮನ್ ಪ್ರಬಂಧ ದಶಕಗಳ ಕಾಲ ಇಂಗ್ಲಿಷ್ ಜಗತ್ತಿಗೆ ಮುಟ್ಟಲೇ ಇಲ್ಲ. ಎರಡನ್ನೂ ಬೆಸೆದದ್ದು ಲಂಡನ್ನಿನ ಲೋರ್ನಾ ವಿಂಗ್. ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿ. ಜುಡಿತ್ ಗೌಲ್ಡ್ ಅವರೊಡನೆ ಕ್ಯಾಂಬರ್‌ವೆಲ್ ಬಡಾವಣೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಲೆಕ್ಕ ಹಾಕಿದಾಗ, ಕ್ಯಾನರ್ ಚೌಕಟ್ಟಿನ ಹೊರಗೆ ಎಷ್ಟೋ ಮಕ್ಕಳು ಯಾವ ನೆರವೂ ಇಲ್ಲದೆ ಉಳಿದಿರುವುದು ಕಂಡಿತು. ಆಟಿಸಂ ಒಂದು ಹರವು, ಸ್ಪೆಕ್ಟ್ರಂ, ಎಂಬ ಮಾತು ಬಂದದ್ದು ಹೀಗೆ. 1987 ಮತ್ತು 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ವ್ಯಾಖ್ಯೆಯನ್ನು ಅಗಲ ಮಾಡಿತು. 1990ರಲ್ಲಿ ಅಲ್ಲಿನ ಶಾಲಾ ಶಿಕ್ಷಣದ ಕಾನೂನಿನಲ್ಲಿ ಆಟಿಸಂ ಪ್ರತ್ಯೇಕ ವರ್ಗವಾಯಿತು. ವೈದ್ಯರು ಗುರುತಿಸಲು ಕಲಿತರು, ಶಾಲೆಗಳು ಎಣಿಸಲು ಶುರು ಮಾಡಿದವು, ಎಣಿಕೆ ಏರಿತು. 2000ದ ಎಣಿಕೆಯಲ್ಲಿ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರು. 2025ರಲ್ಲಿ ಪ್ರಕಟವಾದ ಎಣಿಕೆಯಲ್ಲಿ 31ರಲ್ಲಿ ಒಬ್ಬರು. ನಮ್ಮ ಕಾಲದಲ್ಲಿ ಇರಲಿಲ್ಲವೇ? ಇದ್ದರು. ಬೇರೆ ಹೆಸರಿನಲ್ಲಿ, ಬೇರೆ ಕಟ್ಟಡಗಳಲ್ಲಿ, ಹಿತ್ತಿಲ ಕೋಣೆಗಳಲ್ಲಿ ಇದ್ದರು.

ಈ ಇತಿಹಾಸವನ್ನು ಹೇಳುವಾಗ ಸಿಲ್ಬರ್‌ಮನ್ ಪತ್ತೇದಾರನಂತೆ ಒಂದು ಕೊಂಡಿಯನ್ನು ಹೊರತೆಗೆದರು. ಆ್ಯಸ್ಪರ್ಗರ್ ಚಿಕಿತ್ಸಾಲಯದ ಯಹೂದಿ ವೈದ್ಯ ಜಾರ್ಜ್ ಫ್ರಾಂಕ್ಲ್ ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ಬಂದು ಕ್ಯಾನರ್ ಅವರ ಕೈಕೆಳಗೇ ಕೆಲಸ ಮಾಡಿದ್ದರು. ಅಂದರೆ ವಿಯೆನ್ನಾದವರು ಕಂಡದ್ದು ಬಾಲ್ಟಿಮೋರಿಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಇಲ್ಲಿಂದ ಮುಂದೆ ಕ್ಯಾನರ್ ಬಗ್ಗೆ ಅವರು ಸ್ವಲ್ಪ ಹೆಚ್ಚೇ ಕಠಿಣರಾದರು ಎಂದು ನನಗೆ ಅನ್ನಿಸುತ್ತದೆ. ಕಥೆಗೆ ಖಳ ಬೇಕು ಎಂಬ ಆಸೆ ಒಳ್ಳೆಯ ಬರಹಗಾರರನ್ನೂ ಬಿಡುವುದಿಲ್ಲ. ಆ್ಯಸ್ಪರ್ಗರ್ ಅವರನ್ನು ಕುರಿತ ಅಧ್ಯಾಯವಂತೂ ಮೊದಲು ಬರೆದ ರೂಪದಲ್ಲಿ ಇವತ್ತು ನಿಲ್ಲುವುದಿಲ್ಲ. ಅಲ್ಲಿ ಆತ ಮಕ್ಕಳನ್ನು ಕಾಪಾಡಲು ಯತ್ನಿಸಿದ ಮನುಷ್ಯನಾಗಿ ಕಾಣುತ್ತಾರೆ. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ವಿಯೆನ್ನಾದ ದಾಖಲೆಗಳನ್ನು ಇಟ್ಟುಕೊಂಡು, ಆ್ಯಸ್ಪರ್ಗರ್ ನಾಜಿ ಆಡಳಿತದೊಡನೆ ಸಹಕರಿಸಿದ್ದನ್ನೂ, ಮಕ್ಕಳನ್ನು ಕೊಲ್ಲುತ್ತಿದ್ದ ಸ್ಪೀಗಲ್‌ಗ್ರುಂಡ್ ಸಂಸ್ಥೆಗೆ ಕೆಲವು ಮಕ್ಕಳನ್ನು ಕಳಿಸಲು ಬರೆದುಕೊಟ್ಟದ್ದನ್ನೂ ತೋರಿಸಿದರು. ಪುಸ್ತಕ ಓದುವವರು ಇದನ್ನು ಜೊತೆಗಿಟ್ಟುಕೊಂಡೇ ಓದಬೇಕು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪುಟಗಳು ಬೇರೆ. ಲಾಸ್ ಏಂಜಲೀಸಿನಲ್ಲಿ ಇವಾರ್ ಲೋವಾಸ್ ಎಂಬ ಮನಃಶಾಸ್ತ್ರಜ್ಞರು 1960ರ ದಶಕದಲ್ಲಿ ಆಟಿಸಂ ಇರುವ ಮಕ್ಕಳ ನಡವಳಿಕೆ ತಿದ್ದಲು ಕಪಾಳಕ್ಕೆ ಹೊಡೆಯುವುದನ್ನೂ ವಿದ್ಯುತ್ ಆಘಾತವನ್ನೂ ಬಳಸಿದರು. ಅದೇ ಲೋವಾಸ್ ಹೆಸರು 1970ರ ದಶಕದ ಇನ್ನೊಂದು ಪ್ರಯೋಗದಲ್ಲೂ ಇದೆ: ಹೆಣ್ಣಿಗನಂತೆ ಆಡುತ್ತಾನೆ ಎಂದು ತಂದೆತಾಯಿ ಕರೆತಂದ ಪುಟ್ಟ ಹುಡುಗನನ್ನು 'ಸರಿ' ಮಾಡುವ ಪ್ರಯೋಗ. ಮನೋವೈದ್ಯರ ಕೈಪಿಡಿಯಲ್ಲಿ 1973ರವರೆಗೆ ಸಲಿಂಗಕಾಮ ಒಂದು ವಿಕಾರವಾಗಿತ್ತು. ಸಿಲ್ಬರ್‌ಮನ್ ಹದಿಹರೆಯಕ್ಕೆ ಬರುವಾಗ ಅವರ ಹೆಸರೂ ಒಂದು ಅರ್ಥದಲ್ಲಿ ಆ ಕೈಪಿಡಿಯಲ್ಲಿತ್ತು. ಆಟಿಸಂ ಇಲ್ಲದ ಮನುಷ್ಯನಿಗೆ ಆಟಿಸಂ ಇರುವವರ ಮಾತು ಯಾಕೆ ಇಷ್ಟು ಬೇಗ ಕಿವಿಗೆ ಬಿತ್ತು ಎಂದು ಯಾರಾದರೂ ಕೇಳಿದರೆ ನಾನು ಈ ಪುಟಗಳನ್ನು ತೋರಿಸುತ್ತೇನೆ.

ನರವೈವಿಧ್ಯದ ವಿಚಾರ ಅವರದಲ್ಲ, ಅವರೂ ಹಾಗೆ ಹೇಳಿಕೊಳ್ಳಲಿಲ್ಲ. 1993ರಲ್ಲಿಯೇ ಜಿಮ್ ಸಿಂಕ್ಲೇರ್, ಆಟಿಸಂ ಇರುವ ಕಾರ್ಯಕರ್ತರು, ತಂದೆತಾಯಿಯರಿಗೆ ನೇರವಾಗಿ ಹೇಳಿದ್ದರು: ನಮಗಾಗಿ ಶೋಕಿಸಬೇಡಿ, ನೀವು ಬಯಸಿದ ಮಗು ಬರಲಿಲ್ಲ ಎಂಬ ದುಃಖವಿದ್ದರೆ ಅದನ್ನು ನಮ್ಮ ಮೇಲೆ ಹೊರಿಸಬೇಡಿ ಎಂದು. ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ, ಪತ್ರಕರ್ತ ಹಾರ್ವೆ ಬ್ಲೂಮ್ ಅದೇ ವರ್ಷ 'ಅಟ್ಲಾಂಟಿಕ್'ನಲ್ಲಿ ಈ ಪದವನ್ನು ಬಳಸಿದರು. ಆಟಿಸಂ ಇರುವ ಅನೇಕರು ಪರಸ್ಪರ ಮಾತಾಡಿಕೊಳ್ಳುತ್ತ ಸೇರಿ ಕಟ್ಟಿದ ವಿಚಾರ ಅದು. ಪತ್ರಕರ್ತ ಅದಕ್ಕೆ ಕೊಟ್ಟದ್ದು ಪೂರ್ವಕಥೆ, ಮತ್ತು ಓದುಗರು. 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಸಂಸ್ಥೆ 'ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ' ಎಂಬ ಧಾಟಿಯ, ಆಟಿಸಂ ಒತ್ತೆಹಣ ಕೇಳುವ ಅಪಹರಣಕಾರನೆಂಬಂತೆ ತೋರಿಸುವ ಜಾಹೀರಾತುಗಳನ್ನು ಹಾಕಿತ್ತು. ಅದನ್ನು ಪ್ರತಿಭಟಿಸಿ ತೆಗೆಸಿದವರ ಮುಂಚೂಣಿಯಲ್ಲಿದ್ದದ್ದು ಆರಿ ನೀಮನ್ ಎಂಬ, ತಾನೇ ಆಟಿಸ್ಟಿಕ್ ಆದ, ಆಗಿನ್ನೂ ಕಾಲೇಜು ವಯಸ್ಸಿನ ತರುಣ. ಸಿಲ್ಬರ್‌ಮನ್ 2010ರಲ್ಲಿ ಅದೇ ನೀಮನ್ ಅವರನ್ನು 'ವೈರ್ಡ್'ಗೆ ಸಂದರ್ಶಿಸಿದರು. 2001ರ ಲೇಖನದಲ್ಲಿ ಮಾತಾಡಿದವರು ಬಹುಪಾಲು ತಂದೆತಾಯಿಗಳು, ತಜ್ಞರು. 2010ರ ಹೊತ್ತಿಗೆ ಪ್ರಶ್ನೆ ನೇರವಾಗಿ ಸಂಬಂಧಪಟ್ಟವರಿಗೇ ಹೋಗುತ್ತಿತ್ತು. ಒಬ್ಬ ವರದಿಗಾರನ ಬೆಳವಣಿಗೆಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಮಾನದಂಡ ಗೊತ್ತಿಲ್ಲ: ಯಾರ ಹೇಳಿಕೆಯನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕುತ್ತಾನೆ?

ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ನರವೈವಿಧ್ಯದ ಮಾತೆಲ್ಲ ಮಾತು ಬರುವವರ, ಕೆಲಸ ಮಾಡಬಲ್ಲವರ ಮಾತು. ಇಪ್ಪತ್ತು ವರ್ಷವಾದರೂ ಶೌಚಕ್ಕೆ ನೆರವು ಬೇಕಾದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗನ ತಾಯಿಗೆ ಇದರಿಂದೇನು ಎಂದು ಕೇಳುವವರಿದ್ದಾರೆ. 2021ರ ಕೊನೆಗೆ 'ಲ್ಯಾನ್ಸೆಟ್' ಆಯೋಗವೊಂದು ಹೆಚ್ಚಿನ ಆರೈಕೆ ಬೇಕಾದವರನ್ನು ಪ್ರತ್ಯೇಕ ಹೆಸರಿನಿಂದಲೇ ಗುರುತಿಸಬೇಕು ಎಂದಿತು. ಪುಸ್ತಕದ ಮೊದಲ ಅಧ್ಯಾಯ ಭೂಮಿಯ ಸಾಂದ್ರತೆ ಅಳೆದ ಹೆನ್ರಿ ಕ್ಯಾವೆಂಡಿಷ್ ಎಂಬ ಏಕಾಂಗಿ ವಿಜ್ಞಾನಿಯ ಮೇಲಿದೆ. ಅದನ್ನಷ್ಟೇ ಓದಿ ಇಟ್ಟವರಿಗೆ, ಇದು ಮೇಧಾವಿಗಳ ಗುಣಗಾನ ಎನ್ನಿಸಿದ್ದರೆ ತಪ್ಪಲ್ಲ. ಆದರೆ ಎರಡನೆಯ ಅಧ್ಯಾಯದಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಹುಡುಗನಿದ್ದಾನೆ. ಅವನಿಗೆ ಮಾತು ಕಡಿಮೆ, ಬದುಕಿಡೀ ಜೊತೆಗೊಬ್ಬರು ಬೇಕು. ಕಾಫಿ ಅಂಗಡಿಯ ಹಸಿರು ಸ್ಟ್ರಾಗಳೆಂದರೆ ಜೀವ. ಕಾಗದದ ಹೊದಿಕೆ ಬಿಚ್ಚಿದ ಸ್ಟ್ರಾವನ್ನು ಕಣ್ಣ ಮುಂದೆ ಹಿಡಿದು ಆಡಿಸುವುದು ಅವನಿಗೆ ಸಿಗುವ ಸುಖಗಳಲ್ಲೊಂದು. ಅವನ ತಂದೆತಾಯಿ ಪಥ್ಯ, ಪೂರಕ ಮಾತ್ರೆ, ಪರೀಕ್ಷೆ ಎಂದು ಎಷ್ಟೋ ದಾರಿ ತುಳಿದು, ಕೊನೆಗೆ ಅವನನ್ನು ಬೇರೆಯವನನ್ನಾಗಿ ಮಾಡುವ ಯತ್ನ ಬಿಟ್ಟು ಅವನ ದಿನ ಚೆನ್ನಾಗಿ ಹೋಗುವಂತೆ ನೋಡಿಕೊಳ್ಳುವುದಕ್ಕೆ ತಿರುಗಿದ ಕಥೆಯನ್ನು ಸಿಲ್ಬರ್‌ಮನ್ ಅವಸರವಿಲ್ಲದೆ ಹೇಳುತ್ತಾರೆ. ಮೇಧಾವಿಯ ಬೆನ್ನಿಗೇ ಈ ಹುಡುಗನನ್ನು ಇಟ್ಟದ್ದು ಬೇಕೆಂದೇ ಮಾಡಿದ್ದು.

ಆ ಪುಸ್ತಕಕ್ಕೆ 2015ರ ನವೆಂಬರಿನಲ್ಲಿ ಕಥೇತರ ಕೃತಿಗಳಿಗೆ ಕೊಡುವ ಬ್ರಿಟನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ಪ್ರಶಸ್ತಿ ಬಂತು. ಜನಪ್ರಿಯ ವಿಜ್ಞಾನದ ಪುಸ್ತಕಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಮುನ್ನುಡಿ ಬರೆದವರು ಅವರ ಗೆಳೆಯ, ನರವೈದ್ಯ ಮತ್ತು ಲೇಖಕ ಆಲಿವರ್ ಸ್ಯಾಕ್ಸ್. ಪುಸ್ತಕ ಹೊರಬಂದ ವಾರದೊಳಗೇ ಸ್ಯಾಕ್ಸ್ ತೀರಿಕೊಂಡರು.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನುವಂತಿಲ್ಲ. ಸಿಲ್ಬರ್‌ಮನ್ ಬರೆದ ಆ ಕಣಿವೆಯಲ್ಲಿ ನಮ್ಮವರು ಕಡಿಮೆಯೇ? ನನ್ನ ಅಕ್ಕನ ಮಗಳು ಫ್ರೀಮಾಂಟಿನಲ್ಲಿದ್ದಾಳೆ. ಅವಳ ಮಗನಿಗೆ ಆಟಿಸಂ ಇದೆ. ಮೈಸೂರಿನಲ್ಲಿ ಮನೆಯವರ ಮದುವೆಗೆಂದು ಅವರು ಬಂದಿದ್ದಾಗ ಹುಡುಗ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಛತ್ರದ ಊಟದ ಹಾಲಿನಲ್ಲಿ, ಇನ್ನೂ ಎಲೆ ಹಾಕಿರದ ಮೇಜಿನ ಕೊನೆಯಲ್ಲಿ ಕೂತಿದ್ದ. ಮುಂದೆ ನೀರಿನ ಬಾಟಲಿಗಳು. ಎಲ್ಲದರ ಲೇಬಲ್ಲೂ ಒಂದೇ ಕಡೆಗೆ ಬರುವಂತೆ ಒಂದೊಂದನ್ನೇ ತಿರುಗಿಸುತ್ತಿದ್ದ. ಬಡಿಸುವ ಹುಡುಗರಲ್ಲಿ ಒಬ್ಬ ಎರಡು ಬಾಟಲಿ ಎತ್ತಿಕೊಂಡು ಹೋದ, ಇವನು ಉಳಿದವನ್ನು ಮತ್ತೆ ಸಮ ಅಂತರಕ್ಕೆ ಸರಿಸಿದ. ಹಿರಿಯರೊಬ್ಬರು ಬಂದು, "ಏನಮ್ಮ, ಮದುವೆ ಮನೆಯಲ್ಲೂ ಹಾಡು ಕೇಳುತ್ತಾನಲ್ಲ ನಿನ್ನ ಮಗ, ಸ್ವಲ್ಪ ಹೇಳಬಾರದೇ?" ಎಂದರು. "ಹಾಡು ಇಲ್ಲ ದೊಡ್ಡಪ್ಪ, ಅದು ಸದ್ದು ಕಡಿಮೆ ಮಾಡುವುದಕ್ಕೆ" ಎಂದಳು. ಅವರಿಗೆ ಅರ್ಥವಾಗಲಿಲ್ಲ, ಆದರೆ ಮುಂದೆ ಕೇಳಲೂ ಇಲ್ಲ. ಧಾರೆಯ ಹೊತ್ತಿಗೆ ಹುಡುಗ ಮಂಟಪದ ಹತ್ತಿರ ಬಂದು ನಿಂತ. ಗಟ್ಟಿಮೇಳ ಎನ್ನುತ್ತಿದ್ದಂತೆ ಎರಡೂ ಅಂಗೈಗಳನ್ನು ಹೆಡ್‌ಫೋನಿನ ಮೇಲೆ ಒತ್ತಿ ಹಿಡಿದ. ಡೋಲಿನವರು ನೋಡಿದರು. ಮುಂದಿನ ಸಲ ಬಾರಿಸುವ ಮುನ್ನ ಕೋಲನ್ನು ಮೇಲೆತ್ತಿ ಅವನ ಕಡೆ ಒಮ್ಮೆ ತೋರಿಸಿದರು. ಅವನು ಕೈ ಒತ್ತಿದ ಮೇಲೆ ಬಾರಿಸಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಇದನ್ನು ವರದಿ ಮಾಡಿ ತಂದುಕೊಟ್ಟರೆ ಯಾವ ಡೆಸ್ಕೂ ತೆಗೆದುಕೊಳ್ಳುವುದಿಲ್ಲ. ಬಾಕ್ಸ್ ಕೂಡ ಆಗುವುದಿಲ್ಲ. ನಮ್ಮ ಪತ್ರಿಕೆಗಳಲ್ಲಿ ಆಟಿಸಂಗೆ ಎರಡೇ ಜಾಗಗಳಿವೆ. ಒಂದು, ಏಪ್ರಿಲ್ 2. ವಿಶ್ವಸಂಸ್ಥೆ ಗೊತ್ತು ಮಾಡಿದ ಜಾಗೃತಿ ದಿನ. ಗಣ್ಯರು ದೀಪ ಬೆಳಗುತ್ತಾರೆ, ಮಕ್ಕಳು ನೀಲಿ ಟೀ ಶರ್ಟ್ ಹಾಕಿ ಬಲೂನು ಹಿಡಿದು ನಿಲ್ಲುತ್ತಾರೆ, ಫೋಟೊ ಅಡಿಬರಹದಲ್ಲಿ ಗಣ್ಯರ ಹೆಸರುಗಳಿರುತ್ತವೆ, ಮಕ್ಕಳ ಹೆಸರಿರುವುದಿಲ್ಲ. ಬಲೂನು ಒಡೆಯುವ ಸದ್ದು ಆ ಮಕ್ಕಳಲ್ಲಿ ಎಷ್ಟು ಜನರಿಗೆ ಆಗಿಬರುವುದಿಲ್ಲ ಎಂದು ಸಂಘಟಕರು ಯೋಚಿಸಿರುತ್ತಾರೋ ಇಲ್ಲವೋ. ಇನ್ನೊಂದು ಜಾಗ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ್ದು: 'ಆಟಿಸಂ ಮೆಟ್ಟಿ ನಿಂತ ಛಲಗಾರ'. ಮರುಕ ಅಥವಾ ಪವಾಡ. ಇವೆರಡರ ನಡುವೆ ವರ್ಷದ ಉಳಿದ ದಿನಗಳೂ, ಉಳಿದ ಎಲ್ಲ ಮಕ್ಕಳೂ, ದೊಡ್ಡವರಾದ ಮಕ್ಕಳೂ ಬಿದ್ದು ಹೋಗುತ್ತಾರೆ. ಆಟಿಸಂ ಇರುವ ನಲವತ್ತರ ಗಂಡಸೋ ಹೆಂಗಸೋ ಕನ್ನಡ ಪತ್ರಿಕೆಯ ಪುಟದಲ್ಲಿ ತಮ್ಮ ಮಾತನ್ನು ತಾವೇ ಆಡಿದ್ದನ್ನು ನೀವು ಎಷ್ಟು ಸಲ ಓದಿದ್ದೀರಿ?

ಬರೆಯಲು ವಿಷಯವಿಲ್ಲ ಎಂದು ಯಾರೂ ಹೇಳುವಂತಿಲ್ಲ. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಆಟಿಸಂ ಇರಲೇ ಇಲ್ಲ. ದೆಹಲಿಯಲ್ಲಿ ಮೆರಿ ಬರುವಾ 1991ರಲ್ಲಿಯೇ 'ಆ್ಯಕ್ಷನ್ ಫಾರ್ ಆಟಿಸಂ' ಕಟ್ಟಿದ್ದರು. ಅವರಂಥ ತಾಯಂದಿರು ವರ್ಷಗಟ್ಟಲೆ ದನಿ ಎತ್ತಿದರು. ಆಟಿಸಂ ಇರುವವರನ್ನೂ ಒಳಗೊಂಡ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು, 2016ರ ಹೊಸ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿತು. ಸರ್ಕಾರಿ ಕೆಲಸದ ಶೇಕಡ 4 ಮೀಸಲಾತಿಯಲ್ಲಿ 1ನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಇರುವವರೆಲ್ಲ ಹಂಚಿಕೊಳ್ಳಬೇಕು. ಆ ಒಂದರಲ್ಲಿ ನಮ್ಮ ರಾಜ್ಯದಲ್ಲಿ ಯಾರಿಗೆ ಏನು ಸಿಕ್ಕಿದೆ? ಒಂದು ಮಾಹಿತಿ ಹಕ್ಕು ಅರ್ಜಿಯ ದೂರದಲ್ಲಿರುವ ಸುದ್ದಿ ಇದು.

ಸಿಲ್ಬರ್‌ಮನ್ ಇಲ್ಲದ ಮೇಲೆ ಅಮೆರಿಕದಲ್ಲಿಯೂ ಗಾಳಿ ತಿರುಗಿದೆ. 2025ರ ಏಪ್ರಿಲಿನಲ್ಲಿ ಅಲ್ಲಿನ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಕೆನಡಿ ಜೂನಿಯರ್ ಮತ್ತೆ ಸಾಂಕ್ರಾಮಿಕದ ಮಾತೆತ್ತಿದರು. ಈ ಮಕ್ಕಳು ತೆರಿಗೆ ಕಟ್ಟಲಾರರು, ಕೆಲಸ ಹಿಡಿಯಲಾರರು, ಬೇಸ್‌ಬಾಲ್ ಆಡಲಾರರು, ಒಂದು ಕವಿತೆ ಬರೆಯಲಾರರು ಎಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅವರೇ ನಿಂತು, ಪ್ಯಾರಸಿಟಮಾಲಿಗೂ ಆಟಿಸಂಗೂ ನಂಟು ಕಟ್ಟಿ, ಬಸುರಿಯರು ಅದನ್ನು ನುಂಗಬಾರದು ಎಂದರು. ಸಿಲ್ಬರ್‌ಮನ್ ಹತ್ತು ವರ್ಷ ಹಿಂದೆ ತುಂಬಿದ್ದ ಗುಂಡಿಯನ್ನು ಮತ್ತೆ ತೋಡುತ್ತಿದ್ದಾರೆ. ಆದರೆ ಈ ಸಲ ಉತ್ತರ ಕೊಟ್ಟವರಲ್ಲಿ ಎರಿಕ್ ಗಾರ್ಸಿಯಾ ಅಂಥವರಿದ್ದರು. ಅವರು ವಾಷಿಂಗ್ಟನ್ನಿನ ರಾಜಕೀಯ ವರದಿಗಾರ, ಸ್ವತಃ ಆಟಿಸ್ಟಿಕ್, 2021ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ಬರೆದವರು. ಸುದ್ದಿಮನೆಯ ಹೊರಗಿನ ಮೂಲವಾಗಿದ್ದವರು ಸುದ್ದಿಮನೆಯೊಳಗೆ ಕುರ್ಚಿ ಹಾಕಿಕೊಂಡಿದ್ದಾರೆ. ಸಿಲ್ಬರ್‌ಮನ್ ತೀರಿಕೊಳ್ಳುವ ಹೊತ್ತಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಆನುವಂಶಿಕ ಕಾಯಿಲೆಯ ಇತಿಹಾಸವನ್ನು ಬರೆಯುವುದರಲ್ಲಿ ತೊಡಗಿದ್ದರು. ಒಂದು ವಿಷಯದಲ್ಲಿ ಹೆಸರು ಮಾಡಿದವರು ಆ ವಿಷಯದ ಗುತ್ತಿಗೆ ಹಿಡಿದು ಕೂರುವುದೇ ಹೆಚ್ಚು. ಅವರು ಕೂರಲಿಲ್ಲ.

ನಾನು ಇವತ್ತು ಡೆಸ್ಕಿನಲ್ಲಿದ್ದಿದ್ದರೆ ಜಿಲ್ಲೆಯ ಯಾರಾದರೂ ಹೊಸ ವರದಿಗಾರ್ತಿಯನ್ನು ಕರೆದು ಹೇಳುತ್ತಿದ್ದೆ: ನೋಡಮ್ಮ, ಜಿಲ್ಲಾಸ್ಪತ್ರೆಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಪರೀಕ್ಷೆ ಮಾಡುವ ದಿನ ಬೆಳಿಗ್ಗೆಯೇ ಹೋಗಿ ಕೂರು. ಆಟಿಸಂಗೆ 40 ಅಂಶಗಳ ಒಂದು ಭಾರತೀಯ ಮಾಪಕವಿದೆ, ಒಂದೊಂದಕ್ಕೂ ಐದರವರೆಗೆ ಅಂಕ. ಆ ನಲವತ್ತನ್ನೂ ಕೇಳುವಷ್ಟು ಹೊತ್ತು ವೈದ್ಯರಿಗೆ ಇದೆಯೇ ನೋಡು. ಯಾವ ತಾಲ್ಲೂಕಿನಿಂದ ಯಾವ ಬಸ್ಸಿಗೆ ಬಂದರು, ಇದು ಎಷ್ಟನೆಯ ಸಲ, ಮಗು ಸಾಲಿನಲ್ಲಿ ನಿಲ್ಲಲು ಆಗದೆ ಕಿರುಚಿದಾಗ ಕಾವಲಿನವನು ಏನು ಮಾಡಿದ, ಇದನ್ನೆಲ್ಲ ಬರೆದುಕೋ. ತಾಯಿಯ ಹತ್ತಿರ ಮಾತಾಡು. ಆಮೇಲೆ ಹುಡುಗನನ್ನೂ ಕೇಳು. ಅವನ ಮುಂದೆ ಅವನ ಬಗ್ಗೆ ಬೇರೆಯವರನ್ನು ಕೇಳಬೇಡ. ಬರೆದು ಕೊಟ್ಟರೆ ಬರೆದದ್ದನ್ನು ಹಾಗೇ ತಾ, ಬೆರಳು ಮಾಡಿ ತೋರಿಸಿದರೆ ಏನನ್ನು ತೋರಿಸಿದ ಎಂದು ಬರೆ. ಎದ್ದು ಹೋದರೆ, ಎದ್ದು ಹೋದ ಎಂದು ಬರೆ. ಎಂಟುನೂರು ಪದ ಸಾಕು, ಫೋಟೊ ಬೇಡ.